ಜೀವಕೋಶದ ಪದಚೀಟಿಗಳು: ಎರಡು ತಿಂಗಳು ತರಗತಿಯಲ್ಲಿ ಬಳಸಿದ ಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಶಾಲಾ ಸಾಮಗ್ರಿ ಮಾರುವ ಅಂಗಡಿಯೊಂದರಿಂದ ಜೂನ್ ತಿಂಗಳಲ್ಲಿ 480 ರೂಪಾಯಿ ಕೊಟ್ಟು ಒಂದು ಪೆಟ್ಟಿಗೆ ತಂದೆ. ಅದರೊಳಗೆ ಪೋಸ್ಟ್ ಕಾರ್ಡಿನಷ್ಟು ದೊಡ್ಡದಾದ 36 ಚೀಟಿಗಳು, ಗೋಡೆಗೆ ತೂಗುಹಾಕುವ ಒಂದು ಪಟ ಮತ್ತು 24 ಪುಟಗಳ ಒಂದು ಕೈಪಿಡಿ ಇವೆ. ಪ್ರತಿ ಚೀಟಿಯ ಮುಂಬದಿಯಲ್ಲಿ ಜೀವಕೋಶದ ಒಂದು ಭಾಗದ ಚಿತ್ರವೂ ಅದರ ಹೆಸರೂ ಇದ್ದರೆ, ಹಿಂಬದಿಯಲ್ಲಿ ಆ ಹೆಸರು ಯಾವ ಭಾಷೆಯಿಂದ ಬಂದಿತು, ಮೂಲದಲ್ಲಿ ಅದರ ಅರ್ಥವೇನು, ಯಾರು ಯಾವ ವರ್ಷ ಅದನ್ನು ಬಳಕೆಗೆ ತಂದರು ಎಂಬ ವಿವರ ಕನ್ನಡದಲ್ಲಿದೆ. ಜೀವಶಾಸ್ತ್ರದ ಪಟಗಳು ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಪದಗಳ ಹುಟ್ಟನ್ನೇ ಮುಖ್ಯವಾಗಿಟ್ಟು ಕನ್ನಡದಲ್ಲಿ ಮಾಡಿದ ಸಾಮಗ್ರಿಯನ್ನು ನಾನು ನೋಡಿದ್ದು ಇದೇ ಮೊದಲು. ಆದ್ದರಿಂದಲೇ ಇದರ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು.

ನಾನು ಜಿಲ್ಲೆಯ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪಾಠ ಬಂದಾಗ ಪ್ರತಿ ವರ್ಷವೂ ಒಂದೇ ತೊಂದರೆ ಎದುರಾಗುತ್ತದೆ. ಕೋಶಕೇಂದ್ರ, ಕೋಶಭಿತ್ತಿ, ರಸದಾನಿಯಂಥ ಕನ್ನಡ ಪದಗಳೊಂದಿಗೆ ಮೈಟೋಕಾಂಡ್ರಿಯ, ಲೈಸೋಸೋಮ್, ರೈಬೋಸೋಮ್‌ಗಳಂಥ ಗ್ರೀಕ್ ಮೂಲದ ಪದಗಳು ಒಂದೇ ಪುಟದಲ್ಲಿ ಬಂದು ನಿಲ್ಲುತ್ತವೆ. ಮಕ್ಕಳು ಎರಡನ್ನೂ ಅರ್ಥವಿಲ್ಲದ ಸದ್ದಿನಂತೆ ಬಾಯಿಪಾಠ ಮಾಡುತ್ತಾರೆ. ಎರಡು ವರ್ಷ ಕಳೆದು ಅದೇ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಸೇರಿ ಇಂಗ್ಲಿಷ್ ಪುಸ್ತಕ ಹಿಡಿದಾಗ ಕಲಿತ ಕನ್ನಡ ಪದಗಳು ಉಪಯೋಗಕ್ಕೆ ಬಾರದೆ, ಹೊಸ ಪದಗಳು ತಲೆಗೆ ಹತ್ತದೆ, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಹುಡುಗ ಹುಡುಗಿಯರು ಮೊದಲ ಪರೀಕ್ಷೆಯಲ್ಲಿಯೇ ಎದೆಗುಂದುವುದನ್ನು ಕಂಡಿದ್ದೇನೆ. ಪದದ ಒಳಗೆ ಏನಿದೆಯೆಂದು ಬಿಡಿಸಿ ತೋರಿಸಿದರೆ ಈ ದಾಟುವಿಕೆ ಸುಲಭವಾಗುತ್ತದೆಂಬುದು ನನ್ನ ಅನುಭವ. ಇಷ್ಟು ದಿನ ಆ ಕೆಲಸವನ್ನು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ನಾನೇ ಮಾಡುತ್ತಿದ್ದೆ.

ಅಂಗಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ಟಿಗೆಯನ್ನು ತೆರೆದು ಚೀಟಿಗಳನ್ನು ಒಂದೊಂದಾಗಿ ನೋಡಲು ಮಾಲೀಕರು ಬಿಟ್ಟರು, ಕುಳಿತುಕೊಳ್ಳಲು ಸ್ಟೂಲು ಕೊಟ್ಟರು, ಅವಸರ ಮಾಡಲಿಲ್ಲ. ಶಾಲೆಗೆ ಇನ್ನೊಂದು ಪೆಟ್ಟಿಗೆ ಬೇಕೆಂದಾಗ ತರಿಸಿಕೊಡಲು 12 ದಿನ ಹಿಡಿಯಿತು. ಚೀಟಿಗಳ ಕಾಗದ ದಪ್ಪವಾಗಿದ್ದು ಅಚ್ಚು ಸ್ಪಷ್ಟವಾಗಿದೆ. ಆದರೆ ಲ್ಯಾಮಿನೇಷನ್ ಇಲ್ಲ. ನಲವತ್ತು ಮಕ್ಕಳ ಕೈಯಿಂದ ಕೈಗೆ ಓಡಾಡುವ ವಸ್ತುವಿಗೆ ಇದು ಸಣ್ಣ ಕೊರತೆಯಲ್ಲ. ಎರಡನೆಯ ವಾರದಲ್ಲಿಯೇ ಮೂಲೆಗಳು ಸುರುಳಿಕೊಂಡವು; ನಾನೇ ಬೇರೆ ಕಡೆ ಲ್ಯಾಮಿನೇಷನ್ ಮಾಡಿಸಿದೆ.

ಈ ಪೆಟ್ಟಿಗೆಯ ಅತ್ಯುತ್ತಮ ವಿಚಾರ ಚೀಟಿಗಳ ಅಂಚಿನಲ್ಲಿರುವ ಬಣ್ಣದ ಪಟ್ಟಿ. ಒಂದೇ ಮೂಲಪದ ಹಂಚಿಕೊಂಡ ಹೆಸರುಗಳಿಗೆಲ್ಲ ಒಂದೇ ಬಣ್ಣ ಹಾಕಿದ್ದಾರೆ. ಗ್ರೀಕಿನಲ್ಲಿ ಸೋಮಾ ಎಂದರೆ ಕಾಯ, ಒಡಲು. ಆದ್ದರಿಂದ ಕ್ರೋಮೋಸೋಮ್, ಲೈಸೋಸೋಮ್, ರೈಬೋಸೋಮ್, ಪೆರಾಕ್ಸಿಸೋಮ್ ನಾಲ್ಕಕ್ಕೂ ನೀಲಿ ಪಟ್ಟಿ ಇದೆ. ಪ್ಲಾಸ್ಮಾ ಎಂದರೆ ಅಚ್ಚಿಗೆ ಹಾಕಿ ರೂಪ ಕೊಟ್ಟದ್ದು. ಪ್ರೋಟೋಪ್ಲಾಸಂ, ಸೈಟೋಪ್ಲಾಸಂಗಳಿಗೆ ಹಳದಿ ಪಟ್ಟಿ. ಮಕ್ಕಳಿಗೆ ಏನನ್ನೂ ಹೇಳದೆ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಬಣ್ಣಕ್ಕೆ ತಕ್ಕಂತೆ ಗುಂಪು ಮಾಡಿ ಎಂದೆ. ಗುಂಪು ಮಾಡಿದ ಮೇಲೆ ಅವರೇ ಹೆಸರಿನ ಕೊನೆಯ ತುಣುಕನ್ನು ಗುರುತಿಸಿದರು, ಹಿಂಬದಿ ಓದಿ ಅರ್ಥ ಹೇಳಿದರು. ಅಂದಿನಿಂದ ಸೋಮ್ ಎಂದು ಮುಗಿಯುವ ಹೊಸ ಪದ ಕಿವಿಗೆ ಬಿದ್ದರೆ ಅದೊಂದು ಸಣ್ಣ ಕಾಯದ ಹೆಸರಿರಬೇಕೆಂದು ಊಹಿಸುವಷ್ಟು ಧೈರ್ಯ ಅವರಿಗೆ ಬಂದಿದೆ. ಇಷ್ಟಕ್ಕೇ 480 ರೂಪಾಯಿ ಸಂದಿತೆಂದು ನಾನು ತಿಳಿಯುತ್ತೇನೆ.

ಮೊದಲ ಚೀಟಿ ಸೆಲ್ ಎಂಬ ಪದದ್ದು. 1665ರಲ್ಲಿ ಪ್ರಕಟವಾದ ಮೈಕ್ರೋಗ್ರಾಫಿಯ ಎಂಬ ಗ್ರಂಥದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಹರಿತವಾದ ಚಾಕುವಿನಿಂದ ಕಾರ್ಕಿನ ತೆಳುವಾದ ಬಿಲ್ಲೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದನ್ನು ವರ್ಣಿಸಿದ್ದಾರೆ. ಚೀಟಿ ಈ ಕಥೆಯನ್ನು ಸರಿಯಾಗಿ ಹೇಳಿ, ಸೆಲ್ಲಾ ಎಂಬ ಲ್ಯಾಟಿನ್ ಪದಕ್ಕೆ ಸಣ್ಣ ಕೋಣೆ ಎಂಬ ಅರ್ಥವನ್ನೂ ಕೊಟ್ಟಿದೆ. ಆದರೆ ಕ್ರೈಸ್ತ ಸನ್ಯಾಸಿಗಳ ಕೋಣೆಗಳನ್ನು ನೆನೆದೇ ಹುಕ್ ಈ ಹೆಸರಿಟ್ಟರೆಂದು ಖಚಿತವಾಗಿ ಬರೆದಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಹುಕ್ ತಾವೇ ಕೊಟ್ಟ ಹೋಲಿಕೆ ಜೇನುಹುಟ್ಟಿನದು. ಮಠದ ಕೋಣೆಗೂ ಜೇನಿನ ಮನೆಗೂ ಇಂಗ್ಲಿಷಿನಲ್ಲಿ ಒಂದೇ ಪದವಿದ್ದುದರಿಂದ ಈ ಕಥೆ ಹುಟ್ಟಿಕೊಂಡಿರಬೇಕು. ಮಕ್ಕಳಿಗೂ ಜೇನುಹುಟ್ಟಿನ ಹೋಲಿಕೆಯೇ ಹತ್ತಿರದ್ದು. ಹೊಲದ ಬದುವಿನ ಮರದಲ್ಲಿ ಅದನ್ನು ನೋಡದ ಮಗು ನನ್ನ ತರಗತಿಯಲ್ಲಿಲ್ಲ.

ಹುಕ್ ಮಾಡಿದ ಒಂದು ಎಣಿಕೆಯನ್ನು ಈ ಚೀಟಿಯಲ್ಲಿ ಸೇರಿಸಬೇಕಿತ್ತು. ಒಂದು ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳು ಸಾಲಾಗಿ ಕೂಡುತ್ತವೆಂದು ಅವರು ಲೆಕ್ಕ ಹಾಕಿದರು. ಅಲ್ಲಿಗೆ ಒಂದು ಅಂಗುಲಕ್ಕೆ 1,080, ಒಂದು ಚದರ ಅಂಗುಲಕ್ಕೆ 11,66,400, ಒಂದು ಘನ ಅಂಗುಲಕ್ಕೆ 125 ಕೋಟಿಗೂ ಮಿಕ್ಕು. ಕರಿಹಲಗೆಯ ಮೇಲೆ ಈ ಗುಣಾಕಾರ ಮಾಡಿಸಿದ ದಿನ ತರಗತಿ ಸ್ತಬ್ಧವಾಗಿತ್ತು. ಜೀವಕೋಶ ಎಷ್ಟು ಚಿಕ್ಕದೆಂದು ಯಾವ ವಿಶೇಷಣವೂ ಅಷ್ಟು ಚೆನ್ನಾಗಿ ಹೇಳಲಾರದು. ಹುಕ್ ಕಂಡದ್ದು ಸತ್ತ ಕಾರ್ಕಿನ ಬರಿದಾದ ಗೋಡೆಗಳನ್ನು ಮಾತ್ರವೆಂಬುದನ್ನೂ ಚೀಟಿ ಹೇಳುವುದಿಲ್ಲ. ಕೋಣೆ ಎಂಬ ಹೆಸರು ಹೊಂದಿಕೊಂಡದ್ದೇ ಅದರಿಂದ: ಒಳಗಿನ ಜೀವ ಆರಿ ಗೋಡೆ ಮಾತ್ರ ಉಳಿದಿದ್ದ ಜಾಗವನ್ನು ಅವರು ನೋಡಿದ್ದರು. ಒಳಗಿನ ವಸ್ತುವೇ ಜೀವದ ನೆಲೆಯೆಂದು ವಿಜ್ಞಾನಿಗಳು ಅರಿತುಕೊಂಡ ಕಾಲಕ್ಕೆ ಹೆಸರು ಗಟ್ಟಿಯಾಗಿ ನಿಂತುಬಿಟ್ಟಿತ್ತು.

ನಮ್ಮ ಊರುಗಳಲ್ಲಿ ಸೆಲ್ ಎಂದರೆ ಬ್ಯಾಟರಿಗೆ ಹಾಕುವ ಸೆಲ್, ಇಲ್ಲವೇ ಕೈಯಲ್ಲಿ ಹಿಡಿಯುವ ಸೆಲ್ ಫೋನು. ಈ ಮಾತುಗಳೂ ಅದೇ ಕೋಣೆಯಿಂದ ಬಂದವು. ಮೊಬೈಲ್ ಜಾಲದ ನಕ್ಷೆ ಬರೆಯುವ ಎಂಜಿನಿಯರುಗಳು ಊರನ್ನು ಜೇನಿನ ಮನೆಗಳಂತೆ ಆರು ಮೂಲೆಯ ತುಂಡುಗಳಾಗಿ ವಿಂಗಡಿಸಿ ಒಂದೊಂದನ್ನು ಸೆಲ್ ಎಂದು ಕರೆದರು. ಇದಕ್ಕಿಂತ ಸೊಗಸಾದ ಇನ್ನೊಂದು ನಂಟಿದೆ. ಲ್ಯಾಟಿನ್ನಿನ ಸೆಲ್ಲಾ ಮತ್ತು ಸಂಸ್ಕೃತದ ಶಾಲಾ ಎರಡೂ ಮುಚ್ಚು, ಮರೆಮಾಡು ಎಂಬ ಅರ್ಥದ ಒಂದೇ ಹಳೆಯ ಧಾತುವಿನಿಂದ ಬಂದವೆಂದು ವ್ಯುತ್ಪತ್ತಿ ನಿಘಂಟುಗಳು ಹೇಳುತ್ತವೆ. ತಾವು ಕುಳಿತಿರುವ ಶಾಲೆಯೂ ತಾವು ಓದುತ್ತಿರುವ ಸೆಲ್ಲೂ ಪದದ ಮಟ್ಟಿಗೆ ಒಡಹುಟ್ಟಿದವೆಂದು ತಿಳಿದಾಗ ಮಕ್ಕಳ ಮುಖದಲ್ಲಿ ಮೂಡಿದ ಬೆಳಕನ್ನು ಚೀಟಿ ತಯಾರಿಸಿದವರು ನೋಡಬೇಕಿತ್ತು.

ನ್ಯೂಕ್ಲಿಯಸ್ ಚೀಟಿ ಚುಟುಕಾಗಿದ್ದರೂ ಚೆನ್ನಾಗಿದೆ. ಲ್ಯಾಟಿನ್ನಿನಲ್ಲಿ ನುಕ್ಸ್ ಎಂದರೆ ಗಟ್ಟಿ ಸಿಪ್ಪೆಯ ಕಾಯಿ, ನ್ಯೂಕ್ಲಿಯಸ್ ಎಂದರೆ ಅದರ ಒಳತಿರುಳು. ಮೊದಲೇ ಅದನ್ನು ಕಂಡವರಿದ್ದರೂ, 1831ರಲ್ಲಿ ಆರ್ಕಿಡ್ ಸಸ್ಯಗಳ ಕೋಶಗಳನ್ನು ಪರೀಕ್ಷಿಸಿ ಈ ಹೆಸರನ್ನು ನೆಲೆಗೊಳಿಸಿದವರು ರಾಬರ್ಟ್ ಬ್ರೌನ್. ತಿರುಳು ಎಂಬ ಅರ್ಥ ತಿಳಿದರೆ ನಮ್ಮ ಪಠ್ಯದ ಕೋಶಕೇಂದ್ರ ಎಂಬ ಪದ ಮಾಡುವ ಒಂದು ಅನಾಹುತ ತಪ್ಪುತ್ತದೆ. ಕೇಂದ್ರ ಎಂದ ಕೂಡಲೇ ಮಕ್ಕಳು ಕೋಶದ ನಟ್ಟನಡುವೆ ಒಂದು ದುಂಡು ಬರೆಯುತ್ತಾರೆ. ಬೆಳೆದ ಸಸ್ಯಕೋಶದಲ್ಲಿ ರಸ ತುಂಬಿದ ದೊಡ್ಡ ಚೀಲವಾದ ರಸದಾನಿಯು ಕೋಶಕೇಂದ್ರವನ್ನು ಒಂದು ಬದಿಗೆ ಒತ್ತಿರುತ್ತದೆ. ಈರುಳ್ಳಿ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮಗು ತಾನು ಕಂಡದ್ದನ್ನು ಬಿಟ್ಟು ಪದ ಹೇಳಿದ್ದನ್ನು ಬರೆಯುವುದು ನನಗೆ ಪ್ರತಿ ವರ್ಷದ ನೋವು. ಈ ವರ್ಷ ತಿರುಳು ಎಂಬ ಮಾತನ್ನು ಮೊದಲು ಕೊಟ್ಟು, ಕೇಂದ್ರ ಎಂಬ ಪದವನ್ನು ಆಮೇಲೆ ಕೊಟ್ಟೆ. ಹೆಚ್ಚಿನವರು ಕಂಡಲ್ಲಿಯೇ ಬರೆದರು.

ಇನ್ನು ಈ ಪೆಟ್ಟಿಗೆಯ ದೊಡ್ಡ ದೋಷಕ್ಕೆ ಬರುತ್ತೇನೆ. ಹದಿನಾಲ್ಕನೆಯ ಚೀಟಿ ಮೈಟೋಕಾಂಡ್ರಿಯದ್ದು. ಅದರ ಹಿಂಬದಿಯಲ್ಲಿ, ಪದದ ಮೂಲಾರ್ಥ ಎಂಬ ಸಾಲಿನಲ್ಲಿ, ಶಕ್ತಿಯ ಮನೆ ಎಂದು ಅಚ್ಚಾಗಿದೆ. ಇದು ತಪ್ಪು. ಗ್ರೀಕಿನ ಮೈಟೋಸ್ ಎಂದರೆ ನೂಲು. ವಿಶೇಷವಾಗಿ ಮಗ್ಗದ ಮೇಲೆ ಉದ್ದಕ್ಕೆ ಹಾಯುವ ಹಾಸಿನ ಎಳೆ. ಕೋಂಡ್ರೋಸ್ ಎಂದರೆ ಕಾಳು, ಒಡೆದ ಕಾಳು. ಕೋಂಡ್ರಿಯನ್ ಎಂದರೆ ಅದರ ಪುಟ್ಟ ರೂಪ. 1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ವೀರ್ಯಾಣುಗಳು ರೂಪುಗೊಳ್ಳುವ ಕೋಶಗಳಿಗೆ ಬಣ್ಣ ಕಟ್ಟಿ ನೋಡಿದಾಗ ಎಳೆಯಂತೆ ಸಾಲುಗಟ್ಟಿ ನಿಂತ ಕಣಗಳು ಕಂಡವು. ಕಂಡದ್ದನ್ನು ಕಂಡ ಹಾಗೆಯೇ ಹೆಸರಿಸಿದರು. ಅದಕ್ಕೂ ಎಂಟು ವರ್ಷ ಮೊದಲು, 1890ರಲ್ಲಿ, ರಿಚರ್ಡ್ ಆಲ್ಟ್‌ಮನ್ ಅವೇ ಕಣಗಳನ್ನು ಬಯೋಬ್ಲಾಸ್ಟ್ ಎಂದು ಕರೆದು, ಅವು ಜೀವದ ಮೂಲ ಘಟಕಗಳೇ ಇರಬೇಕೆಂದು ಭಾವಿಸಿದ್ದರು. ಆ ಹೆಸರು ಉಳಿಯಲಿಲ್ಲ. ಒಂದು ಸಿದ್ಧಾಂತವನ್ನು ಹೊತ್ತ ಹೆಸರು ಸಿದ್ಧಾಂತದೊಂದಿಗೆ ಬಿದ್ದಿತು, ಬರಿಯ ರೂಪವನ್ನು ಹೇಳಿದ ಹೆಸರು ಉಳಿಯಿತು.

ಶಕ್ತಿಯ ಮನೆ ಎಂಬ ಮಾತಿಗೂ ತನ್ನದೇ ಚರಿತ್ರೆ ಇದೆ. ಆಹಾರದ ಶಕ್ತಿಯನ್ನು ಕೋಶಕ್ಕೆ ಒದಗುವ ರೂಪಕ್ಕೆ ತರುವ ರಾಸಾಯನಿಕ ಕ್ರಿಯೆಗಳು ಇಲ್ಲಿ ನಡೆಯುತ್ತವೆಂಬುದು ಪ್ರಯೋಗಗಳಿಂದ ದೃಢವಾದದ್ದು 1940ರ ದಶಕದ ಕೊನೆಗೆ. ಕೋಶದ ಶಕ್ತಿಕೇಂದ್ರ ಎಂಬ ಮಾತನ್ನು ಜನಪ್ರಿಯಗೊಳಿಸಿದವರು ಫಿಲಿಪ್ ಸೀಕೆವಿಟ್ಸ್, 1957ರಲ್ಲಿ. ಅಂದರೆ ಹೆಸರಿಗೂ ಈ ಅಡ್ಡಹೆಸರಿಗೂ ನಡುವೆ ಐವತ್ತೊಂಬತ್ತು ವರ್ಷಗಳ ಅಂತರವಿದೆ. ಬೆಂಡಾ ಅವರಿಗೆ ತಾವು ಹೆಸರಿಟ್ಟ ವಸ್ತು ಏನು ಕೆಲಸ ಮಾಡುತ್ತದೆಂಬುದೇ ಗೊತ್ತಿರಲಿಲ್ಲ. ಪದದ ಹುಟ್ಟನ್ನು ಹೇಳಲೆಂದೇ ಮಾಡಿದ ಚೀಟಿಯಲ್ಲಿ ಈ ಎರಡನ್ನು ಒಂದು ಮಾಡುವುದೆಂದರೆ, ಮೊದಲು ಕಣ್ಣಿಗೆ ಕಂಡಿತು, ಆಮೇಲೆ ಕೆಲಸ ತಿಳಿಯಿತು ಎಂಬ ವಿಜ್ಞಾನದ ನಡಿಗೆಯನ್ನೇ ಮಕ್ಕಳಿಂದ ಮರೆಮಾಚಿದ ಹಾಗೆ.

ಈ ತಪ್ಪಿನ ಕೆಡುಕು ಅಲ್ಲಿಗೇ ನಿಲ್ಲುವುದಿಲ್ಲ. ಮೈಟೋಸಿಸ್ ಎಂಬ ಪದಕ್ಕೆ ಬೇರೊಂದು ಚೀಟಿಯಿದೆ. 1882ರಲ್ಲಿ ವಾಲ್ಟರ್ ಫ್ಲೆಮಿಂಗ್ ಕೋಶ ವಿಭಜನೆಯಲ್ಲಿ ನೂಲಿನಂಥ ಎಳೆಗಳು ಮೂಡಿ ಎರಡು ಪಾಲಾಗುವುದನ್ನು ಕಂಡು ಅದೇ ಮೈಟೋಸ್ ಪದದಿಂದ ಈ ಹೆಸರು ಕಟ್ಟಿದರೆಂದು ಆ ಚೀಟಿ ಸರಿಯಾಗಿಯೇ ಬರೆದಿದೆ. ಮೈಟೋಸಿಸ್, ಮೈಟೋಕಾಂಡ್ರಿಯ ಎರಡಕ್ಕೂ ಒಂದೇ ಬಣ್ಣದ ಪಟ್ಟಿ ಇರಬೇಕಿತ್ತು. ಹದಿನಾಲ್ಕನೆಯ ಚೀಟಿಯಲ್ಲಿ ಮೂಲಪದವೇ ಇಲ್ಲದ್ದರಿಂದ ಅದಕ್ಕೆ ಬೂದು ಬಣ್ಣ ಹಾಕಿ, ಯಾವ ಗುಂಪಿಗೂ ಸೇರದ ಒಂಟಿ ಪದವನ್ನಾಗಿ ಮಾಡಿದ್ದಾರೆ. ಕಿವಿಗೆ ಒಂದೇ ಥರ ಕೇಳುವ ಎರಡು ಹೆಸರುಗಳನ್ನು ಮಕ್ಕಳು ಅದಲುಬದಲು ಮಾಡಿಕೊಳ್ಳುವುದು ಈ ಪಾಠದಲ್ಲಿ ಮೊದಲಿನಿಂದಲೂ ಇದೆ. ಎರಡರಲ್ಲೂ ನೂಲಿದೆ, ಒಂದರಲ್ಲಿ ನೂಲು ಪಾಲಾಗುತ್ತದೆ, ಇನ್ನೊಂದರಲ್ಲಿ ನೂಲಿನ ಜೊತೆ ಕಾಳಿದೆ ಎಂದು ಹೇಳಿಬಿಟ್ಟರೆ ಗೊಂದಲ ಅಲ್ಲಿಗೆ ಹರಿಯುತ್ತದೆ. ಪೆಟ್ಟಿಗೆಯ ಅತ್ಯುತ್ತಮ ಸಾಧನವಾದ ಬಣ್ಣದ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲಿಯೇ ಕೈಕೊಟ್ಟಿದೆ.

ನಾನು ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿ, ನೂಲು ಮತ್ತು ನುಚ್ಚು ಎಂದು ಬರೆದೆ. ಓದಿದ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನುಚ್ಚು ಅಂದ್ರ ನಮ್ಮ ಜ್ವಾಳದ ನುಚ್ಚೇನ್ರಿ?” ಎಂದು ಕೇಳಿದಳು. ಹೌದು ಎಂದೆ. ಒಡೆದ ಜೋಳವನ್ನು ದಿನವೂ ನೋಡುವ ಮಗುವಿಗೆ ಕೋಂಡ್ರೋಸ್ ಎಂಬ ಪದ ಪರದೇಶದ್ದಾಗಿ ಉಳಿಯಲಿಲ್ಲ. ಮುಂದೆ ವೈದ್ಯಕೀಯ ಓದುವವರಿಗೆ ಇದೇ ಕೋಂಡ್ರೋಸ್ ಮೃದ್ವಸ್ಥಿಯ ಹೆಸರುಗಳಲ್ಲಿ ಮತ್ತೆ ಸಿಗುತ್ತದೆ. ಗ್ರೀಕರು ಆ ಮೆದುವಾದ ಎಲುಬಿಗೂ ಇದೇ ಪದವನ್ನು ಬಳಸುತ್ತಿದ್ದರು.

ಕ್ರೋಮೋಸೋಮ್ ಚೀಟಿ ಇಡೀ ಪೆಟ್ಟಿಗೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಕ್ರೋಮಾ ಎಂದರೆ ಬಣ್ಣ, ಸೋಮಾ ಎಂದರೆ ಕಾಯ. 1888ರಲ್ಲಿ ವಾಲ್ಡೆಯರ್ ಕೊಟ್ಟ ಹೆಸರು. ಬಣ್ಣ ಅವುಗಳದ್ದಲ್ಲ, ವಿಜ್ಞಾನಿಗಳು ಹಾಕಿದ ಬಣ್ಣವನ್ನು ಚೆನ್ನಾಗಿ ಹೀರಿಕೊಂಡದ್ದರಿಂದ ಈ ಹೆಸರು ಬಂತೆಂದು ಚೀಟಿ ಬಿಡಿಸಿ ಹೇಳಿದೆ. ನಮ್ಮ ಪಠ್ಯದಲ್ಲಿ ಇದಕ್ಕೆ ವರ್ಣತಂತು ಎಂಬ ಪದವಿದೆ, ಮತ್ತು ವರ್ಣ ಎಂದರೆ ವರ್ಣಮಾಲೆಯ ವರ್ಣವೆಂದು ತಿಳಿದ ಮಕ್ಕಳೂ ಇದ್ದಾರೆ. ಗಮನಿಸಬೇಕಾದ ಸಂಗತಿ ಬೇರೆ ಇದೆ: ಗ್ರೀಕ್ ಹೆಸರಿನಲ್ಲಿರುವುದು ಬಣ್ಣದ ಕಾಯ, ಕನ್ನಡದಲ್ಲಿರುವುದು ಬಣ್ಣದ ನೂಲು. ವಾಲ್ಡೆಯರ್ ಅವರ ಬಣ್ಣವನ್ನೂ ಫ್ಲೆಮಿಂಗ್ ಕಂಡ ಎಳೆಯನ್ನೂ ಕನ್ನಡ ಪದ ಒಂದರಲ್ಲಿಯೇ ಕೂಡಿಸಿಕೊಂಡಿದೆ. ಮೂಲಕ್ಕಿಂತ ಇದು ಚಿತ್ರವತ್ತಾಗಿದೆಯೆಂದು ನಾನು ಹಿಂಜರಿಯದೆ ಹೇಳುತ್ತೇನೆ.

ಲೈಸೋಸೋಮ್ ಎಂದರೆ ಕೋಶದೊಳಗೆ ಬೇಡದ್ದನ್ನು ಕಿಣ್ವಗಳಿಂದ ಕರಗಿಸುವ ಪುಟ್ಟ ಚೀಲ. ಅದರ ಚೀಟಿಯಲ್ಲಿ ಲೈಸಿಸ್ ಎಂಬ ಪದಕ್ಕೆ ಒಡೆಯುವುದು ಎಂದು ಬರೆದಿದ್ದಾರೆ. ಬಿಡಿಸುವುದು, ಸಡಿಲಿಸುವುದು ಎಂಬುದು ಹೆಚ್ಚು ಸರಿ. 1955ರಲ್ಲಿ ಈ ಹೆಸರಿಟ್ಟ ಬೆಲ್ಜಿಯಂನ ಕ್ರಿಸ್ಟಿಯನ್ ಡಿ ಡ್ಯೂವ್ ಈ ಕಾಯವನ್ನು ಮೊದಲು ಕಣ್ಣಿನಿಂದ ಹಿಡಿದವರಲ್ಲ. ಇಲಿಯ ಪಿತ್ತಜನಕಾಂಗವನ್ನು ಅರೆದು, ವೇಗವಾಗಿ ತಿರುಗುವ ಯಂತ್ರದಲ್ಲಿ ಭಾಗಗಳನ್ನು ಬೇರ್ಪಡಿಸಿ, ಕಿಣ್ವಗಳ ವರ್ತನೆಯನ್ನು ಅಳೆದು, ಇಂಥದೊಂದು ಚೀಲ ಇರಲೇಬೇಕೆಂದು ತರ್ಕಿಸಿದವರು. ಬೆಂಡಾ ಕಂಡು ಹೆಸರಿಟ್ಟರು, ಕೆಲಸ ತಿಳಿದಿರಲಿಲ್ಲ. ಡಿ ಡ್ಯೂವ್ ಕೆಲಸ ತಿಳಿದು ಹೆಸರಿಟ್ಟರು, ರೂಪ ಆಮೇಲೆ ಕಂಡಿತು. ಈ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಒಂದು ಗಂಟೆಯ ಪಾಠ ಮಾಡಬಹುದು, ನಾನು ಮಾಡಿದೆ. ಕೈಪಿಡಿಯಲ್ಲಿ ಇದರ ಸುಳಿವೂ ಇಲ್ಲ. ಈ ಕೆಲಸಕ್ಕಾಗಿ ಡಿ ಡ್ಯೂವ್ ಅವರಿಗೆ 1974ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತೆಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ.

ರೈಬೋಸೋಮ್ ಚೀಟಿ ಅರ್ಧಕ್ಕೇ ನಿಂತಿದೆ. ರೈಬೋ ಎಂಬುದು ರೈಬೋಸ್ ಸಕ್ಕರೆಯಿಂದ ಬಂತೆಂದು ಹೇಳಿ, ರೈಬೋಸ್ ಎಲ್ಲಿಂದ ಬಂತೆಂಬುದನ್ನು ಬಿಟ್ಟಿದ್ದಾರೆ. ರುಚಿ ಇರುವುದೇ ಅಲ್ಲಿ. ಜಾಲಿಯ ಜಾತಿಯ ಮರಗಳಿಂದ ಒಸರುವ ಅರಬ್ಬೀ ಅಂಟಿನಿಂದ ದೊರೆತ ಸಕ್ಕರೆಗೆ ಅರಬಿನೋಸ್ ಎಂದು ಹೆಸರಿತ್ತು. 1891ರಲ್ಲಿ ಎಮಿಲ್ ಫಿಶರ್ ಅದರ ಹತ್ತಿರದ ಇನ್ನೊಂದು ಸಕ್ಕರೆಗೆ ಹೆಸರಿಡುವಾಗ ಅರಬಿನೋಸ್ ಎಂಬ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಕೆಲವನ್ನು ಬಿಟ್ಟು ರೈಬೋಸ್ ಎಂದು ಕಟ್ಟಿದರು. 1958ರಲ್ಲಿ ರೈಬೋಸೋಮ್ ಎಂಬ ಹೆಸರು ಬಂದದ್ದು ಆ ಸಕ್ಕರೆಯ ಮೂಲಕ. ಬಾಣಂತಿಯರಿಗೆಂದು ಮನೆಯಲ್ಲಿ ಅಂಟಿನುಂಡಿ ಕಟ್ಟುವುದನ್ನು ನೋಡಿದ ಮಕ್ಕಳಿಗೆ ಮರದ ಅಂಟಿನ ಪರಿಚಯ ಬೇರೆ ಬೇಕಿಲ್ಲ. ದೇಹದ ಕೋಶಗಳಲ್ಲಿ ಪ್ರೋಟೀನು ಕಟ್ಟುವ ಕಣದಂಗದ ಹೆಸರಿನೊಳಗೆ ಮರದ ಅಂಟೊಂದು ಅಡಗಿ ಕುಳಿತಿದೆಯೆಂದು ತಿಳಿದ ಮಗು ಆ ಹೆಸರನ್ನು ಮರೆಯುವುದು ಹೇಗೆ?

ನನ್ನ ಎರಡನೆಯ ಆಕ್ಷೇಪ ಒಂದು ಚೀಟಿಯ ಮೇಲಲ್ಲ, ಪೆಟ್ಟಿಗೆಯ ಧೋರಣೆಯ ಮೇಲೆ. ಗ್ರೀಕ್, ಲ್ಯಾಟಿನ್ ಪದಗಳಿಗೆ ಚರಿತ್ರೆ ಇದೆ, ಕನ್ನಡ ಪದಗಳು ಬರಿಯ ಹೆಸರುಪಟ್ಟಿ ಎಂಬಂತೆ ಇದನ್ನು ಮಾಡಿದ್ದಾರೆ. 36 ಚೀಟಿಗಳಲ್ಲಿ ಒಂದರಲ್ಲಿಯೂ ಕನ್ನಡ ಪದವನ್ನು ಬಿಡಿಸಿಲ್ಲ. ಕೋಶ ಎಂಬ ಪದವನ್ನೇ ನೋಡಿ. ಕತ್ತಿಯ ಒರೆ, ರೇಷ್ಮೆಯ ಗೂಡು, ಬೊಕ್ಕಸ, ನಿಘಂಟು, ಎಲ್ಲವೂ ಕೋಶವೇ. ಒಳಗೆ ಬೆಲೆಯುಳ್ಳದ್ದನ್ನು ಇಟ್ಟುಕೊಂಡು ಕಾಯುವ ಹೊದಿಕೆ ಎಂಬುದು ಎಲ್ಲದರಲ್ಲೂ ಹರಿಯುವ ಅರ್ಥ. “ದೇಶ ಸುತ್ತು, ಕೋಶ ಓದು ಅಂತಾರಲ್ರಿ ಸರ್, ಆ ಕೋಶಾನೂ ಇದೇ ಏನ್ರಿ?” ಎಂದು ಒಬ್ಬ ಹುಡುಗ ಕೇಳಿದ. ಅದೇ ಎಂದೆ. ಹುಕ್ ಇಟ್ಟ ಹೆಸರು ಗೋಡೆಯನ್ನು ಹೇಳಿದರೆ, ಕನ್ನಡಕ್ಕೆ ಜೀವಕೋಶವೆಂಬ ಪದ ತಂದವರು ಒಳಗಿರುವ ಜೀವವನ್ನು ಹೆಸರಿನಲ್ಲಿಯೇ ಮುಂದಿಟ್ಟರು. ಇಷ್ಟನ್ನು ಎರಡು ಸಾಲಿನಲ್ಲಿ ಅಚ್ಚು ಹಾಕಲು ಚೀಟಿಯಲ್ಲಿ ಜಾಗ ಇತ್ತು.

ರಸದಾನಿಯಂತೂ ನಮ್ಮ ಊರಿನ ಪದ ಎನ್ನುವಷ್ಟು ಹತ್ತಿರದ್ದು. ಇದರ ಇಂಗ್ಲಿಷ್ ಹೆಸರಾದ ವ್ಯಾಕ್ಯುವೋಲ್ ಎಂಬುದು ಬರಿದು, ಖಾಲಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು; ಹಳೆಯ ಸೂಕ್ಷ್ಮದರ್ಶಕಗಳಲ್ಲಿ ಅದು ಖಾಲಿ ಜಾಗದಂತೆ ತೋರುತ್ತಿತ್ತು. ಅದು ಖಾಲಿಯಲ್ಲ, ರಸ ತುಂಬಿದ್ದು, ಬೆಳೆದ ಸಸ್ಯಕೋಶದಲ್ಲಿ ಶೇಕಡಾ 90ರವರೆಗೂ ಜಾಗ ಹಿಡಿಯುವಂಥದ್ದು ಎಂಬುದು ಕನ್ನಡ ಪದದಲ್ಲಿಯೇ ಇದೆ. ರಸ ಸಂಸ್ಕೃತದ್ದು, ದಾನಿ ಎಂಬುದು ಫಾರಸಿಯ ದಾನಿಯನ್ನೇ ನೆನಪಿಸುತ್ತದೆ: ಅತ್ತರದಾನಿ, ಗುಲಾಬದಾನಿ, ಪಾನದಾನಿಗಳ ದಾನಿ. ಬಂದೇ ನವಾಜರ ದರ್ಗಾ ಇರುವ, ಬಹಮನಿ ಸುಲ್ತಾನರು ಆಳಿದ ಊರಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಪದ ಬಿಡಿಸಿದ ಕೂಡಲೇ ನಾಲ್ಕಾರು ದಾನಿಗಳನ್ನು ಅವರೇ ಎಣಿಸಿದರು. ಫಾರಸಿಯ ಈ ದಾನ್ ಮತ್ತು ರಾಜಧಾನಿಯಲ್ಲಿರುವ ಸಂಸ್ಕೃತದ ಧಾನ ಎರಡೂ ಒಂದೇ ಬೇರಿನವು, ಇಟ್ಟುಕೊಳ್ಳುವ ನೆಲೆ ಎಂಬುದು ಅವುಗಳ ಅರ್ಥ. ಚೀಟಿ ಮಾತ್ರ ವ್ಯಾಕ್ಯುವೋಲ್ ಎಂದರೆ ಖಾಲಿ ಎಂದು ಹೇಳಿ ಕೈತೊಳೆದುಕೊಂಡು, ಅದರ ಪಕ್ಕದಲ್ಲಿಯೇ ರಸ ತುಂಬಿದ ಚಿತ್ರ ಹಾಕಿದೆ. ಒಬ್ಬ ವಿದ್ಯಾರ್ಥಿ ಇದನ್ನು ಓದಿ, ಖಾಲಿ ಇದ್ದರೆ ರಸ ಎಲ್ಲಿಂದ ಬಂತೆಂದು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಕೋಶಪೊರೆಯ ಪೊರೆ ಅಚ್ಚಗನ್ನಡದ ಪದ. ಹಾವು ಬಿಡುವ ಪೊರೆ, ಕಣ್ಣಿಗೆ ಬರುವ ಪೊರೆ, ಈರುಳ್ಳಿಯ ಪೊರೆ ಎಲ್ಲರಿಗೂ ಗೊತ್ತು. ಪೊರೆ ಎಂದರೆ ಸಲಹು, ಕಾಪಾಡು ಎಂಬ ಕ್ರಿಯಾಪದವೂ ಇದೆ. ಲ್ಯಾಟಿನ್ನಿನ ಮೆಂಬ್ರಾನಾ ಎಂಬುದರ ಅರ್ಥವೂ ತೊಗಲು, ಪೊರೆ ಎಂದೇ. ಕ್ಲೋರೋಫಿಲ್ ಚೀಟಿಯಲ್ಲಿಯಂತೂ ಕೈಗೆ ಬಂದ ತುತ್ತು ಬಾಯಿಗೆ ಬಂದಿಲ್ಲ. ಕ್ಲೋರೋಸ್ ಎಂದರೆ ಎಳೆಹಸಿರು, ಫಿಲ್ಲಾನ್ ಎಂದರೆ ಎಲೆ. ಪೆಲೆಟಿಯೆ ಮತ್ತು ಕಾವಂತು ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು 1817ರಲ್ಲಿ ಅದನ್ನು ಬೇರ್ಪಡಿಸಿದರು ಎಂಬಷ್ಟನ್ನು ಬರೆದು ನಿಲ್ಲಿಸಿದ್ದಾರೆ. ಪತ್ರಹರಿತ್ತು ಎಂಬ ನಮ್ಮ ಪದ ಅದರ ಎರಡು ತುಣುಕುಗಳಿಗೆ ಸರಿಯಾಗಿ ಹೊಂದುತ್ತದೆ, ಪತ್ರ ಎಲೆ, ಹರಿತ್ ಹಸಿರು. ಅಷ್ಟೇ ಅಲ್ಲ, ಕ್ಲೋರೋಸ್ ಮತ್ತು ಹರಿ ಎರಡೂ ಬಹಳ ಹಿಂದಿನ ಒಂದೇ ಧಾತುವಿಗೆ ಸೇರಿದವು.

ಗೋಡೆಯ ಪಟ ಸಾಧಾರಣ. ಪ್ರಾಣಿಕೋಶ, ಸಸ್ಯಕೋಶಗಳ ಚಿತ್ರ ಸರಿಯಾಗಿವೆ, ಅಕ್ಷರಗಳು ಕೊನೆಯ ಬೆಂಚಿಗೆ ಕಾಣುವುದಿಲ್ಲ. ಕೈಪಿಡಿಯ ಹೆಚ್ಚಿನ ಪುಟಗಳು ಚೀಟಿಗಳಲ್ಲಿದ್ದುದನ್ನೇ ಮತ್ತೆ ಅಚ್ಚು ಮಾಡಿವೆ.

ಹದಿನಾಲ್ಕನೆಯ ಚೀಟಿಯ ತಪ್ಪನ್ನು ತಿಳಿಸಲು ಪೆಟ್ಟಿಗೆಯ ಮೇಲಿದ್ದ ಸಂಖ್ಯೆಗೆ ಫೋನ್ ಮಾಡಿದ್ದೆ. ಮಾತನಾಡಿದವರು ಸೌಜನ್ಯದಿಂದಲೇ ಕೇಳಿಸಿಕೊಂಡರು, ಆದರೆ ಎಲ್ಲ ಪುಸ್ತಕಗಳಲ್ಲಿಯೂ ಶಕ್ತಿಯ ಮನೆ ಎಂದೇ ಇದೆ, ಬೇರೆ ಯಾರೂ ದೂರಿಲ್ಲ ಎಂದರು. ಪುಸ್ತಕಗಳು ಹೇಳುವುದು ಅದರ ಕೆಲಸವನ್ನು, ನೀವು ಅಚ್ಚು ಮಾಡಿರುವುದು ಪದದ ಅರ್ಥ ಎಂಬ ತಲೆಬರಹದ ಕೆಳಗೆ ಎಂದು ವಿವರಿಸಿ, ಅದನ್ನೇ ಪತ್ರದಲ್ಲಿ ಬರೆದು ಕಳಿಸಿದೆ. ಮೂರು ವಾರದ ಮೇಲೆ ಉತ್ತರ ಬಂತು: ಮುಂದಿನ ಮುದ್ರಣದಲ್ಲಿ ತಿದ್ದುತ್ತೇವೆ, ಈಗಾಗಲೇ ಕೊಂಡವರಿಗೆ ಅಂಟಿಸುವ ತಿದ್ದುಪಡಿ ಚೀಟಿ ಕಳಿಸುತ್ತೇವೆ ಎಂದಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಆ ಚೀಟಿ ನನ್ನ ಕೈಸೇರಿಲ್ಲ. ತಿದ್ದುವ ಮನಸ್ಸು ತೋರಿಸಿದವರಿಗೆ ಅವಕಾಶ ಸಿಗಲೆಂದು ಅವರ ಹೆಸರನ್ನೂ ಅಂಗಡಿಯ ಹೆಸರನ್ನೂ ಇಲ್ಲಿ ಹಾಕಿಲ್ಲ.

ಅದೇ ಅಂಗಡಿಯಲ್ಲಿ ಬಿಡಿಸಿ ಜೋಡಿಸುವ ಪ್ಲಾಸ್ಟಿಕ್ಕಿನ ಕೋಶದ ಮಾದರಿಯೊಂದು ಇದರ ನಾಲ್ಕು ಪಟ್ಟು ಬೆಲೆಗೆ ಸಿಗುತ್ತದೆ. ನೋಡಲು ಅಂದವಾಗಿದ್ದರೂ ಅದರ ಭಾಗಗಳ ಮೇಲೆ ಅಂಕೆಗಳು ಮಾತ್ರ ಇವೆ. ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿಗೆ, ಮತ್ತು ಮನೆಯಲ್ಲಿ ಒಂಬತ್ತು ಅಥವಾ ಹತ್ತನೆಯ ತರಗತಿಯ ಮಕ್ಕಳಿರುವವರಿಗೆ, ದೋಷಗಳ ಸಮೇತವಾಗಿಯೂ ಈ ಚೀಟಿಗಳನ್ನೇ ಕೊಳ್ಳಿರೆಂದು ಹೇಳುತ್ತೇನೆ. ಪಿಯುಸಿಯವರಿಗೆ ವಿವರ ಸಾಲದು. ಕೊಳ್ಳುವ ಮುನ್ನ ಪೆಟ್ಟಿಗೆ ತೆರೆಸಿ ಹದಿನಾಲ್ಕನೆಯ ಚೀಟಿಯ ಹಿಂಬದಿ ನೋಡಿ. ಮೂಲಾರ್ಥದ ಸಾಲಿನಲ್ಲಿ ನೂಲು ಮತ್ತು ಕಾಳು ಎಂದಿದ್ದರೆ ಅದು ಹೊಸ ಮುದ್ರಣ. ಶಕ್ತಿಯ ಮನೆ ಎಂದಿದ್ದರೆ ಮನೆಗೆ ತಂದ ದಿನವೇ ಮಕ್ಕಳ ಕೈಯಿಂದಲೇ ತಿದ್ದಿಸಿ, ಅಂಚಿನ ಬೂದು ಪಟ್ಟಿಯ ಮೇಲೆ ಮೈಟೋಸಿಸ್ ಚೀಟಿಗಿರುವ ಬಣ್ಣವನ್ನೇ ಹಚ್ಚಿಸಿ.